ಹಿಂದೆ ಸರಿಯದ ಸೀಟು

ನಾನು ಹುಟ್ಟಿದ್ದು ಸಮುದ್ರದ ಗಾಳಿ ಬೀಸುವ ಊರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ. ಅಲ್ಲಿ ನಿಮಿಷಕ್ಕೊಂದರಂತೆ ಕಾರುಗಳು ಹುಟ್ಟುತ್ತಿದ್ದವು. ನನಗೆ ಬಾಗಿಲು ಜೋಡಿಸಿದವನಿಗೆ ನನ್ನ ಮುಖ ನೋಡಲೂ ಪುರಸೊತ್ತಿರಲಿಲ್ಲ. ಮಾಗಿದ ನೇರಳೆ ಹಣ್ಣಿನ ಬಣ್ಣ ಬಳಿದರು, ಹೊಟ್ಟೆಯೊಳಗೆ ಒಂದು ಉದ್ದನೆಯ ನಂಬರು ಕೆತ್ತಿದರು, ಲಾರಿಗೆ ಹತ್ತಿಸಿದರು. ಘಾಟಿ ಏರಿ ಹಾಸನದ ಅಂಗಡಿಯ ಗಾಜಿನ ಹಿಂದೆ ಬಂದು ನಿಂತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸಾಧು ಸ್ವಭಾವದ ಕಾರಲ್ಲ. ನನ್ನ ಜಾತಿಯವು ಎಷ್ಟೋ ಕೊನೆಗಾಲದಲ್ಲಿ ಎಲ್ಲರನ್ನೂ ಕ್ಷಮಿಸಿ ನೆಮ್ಮದಿಯಾಗಿ ತುಕ್ಕು ಹಿಡಿಯುತ್ತವೆ. ನಾನು ಒಬ್ಬನನ್ನು ಕ್ಷಮಿಸಿಲ್ಲ.

ನನ್ನನ್ನು ಕೊಂಡವರು ಅರಸೀಕೆರೆಯ ಚನ್ನಬಸವಯ್ಯ. ಪಶು ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಕಾಂಪೌಂಡರ್ ಆಗಿದ್ದವರು. ಹಸುವಿನ ಹಲ್ಲು ನೋಡುವಂತೆ ನನ್ನ ಬಾನೆಟ್ ಎತ್ತಿಸಿ ನೋಡಿದರು, ಚಕ್ರಗಳನ್ನು ಗೊರಸಿನಂತೆ ತಟ್ಟಿ ನೋಡಿದರು. ಒಬ್ಬಳೇ ಮಗಳು ಸರ್ವಮಂಗಳನ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಕಾರು ಕೇಳಿದ್ದರು. ನಿವೃತ್ತಿಯಾದಾಗ ಕೈಗೆ ಬಂದದ್ದರಲ್ಲಿ ಮುಕ್ಕಾಲು ಪಾಲು ನನಗೇ ಹೋಯಿತು. ಆದರೆ ಕಾಗದ ಬರೆಸುವಾಗ ಆ ಮುದುಕರು ಒಂದು ಹಟ ಹಿಡಿದರು.

"ಗಾಡಿ ಮಗಳ ಹೆಸರಲ್ಲಿ ಆಗಬೇಕು. ಅಳಿಯಂದಿರು ಓಡಿಸಲಿ, ಬೇಡ ಅನ್ನಲ್ಲ. ಹೆಸರು ಮಾತ್ರ ಅವಳದ್ದು."

ಬೀಗರು ಗೊಣಗಿದರು. ಅಳಿಯ ಷಡಕ್ಷರಿ ನಕ್ಕುಬಿಟ್ಟ. "ಹೆಸರು ಯಾರದಾದರೇನು ಮಾವ, ಕೀ ನನ್ನ ಹತ್ರ ಇದ್ರೆ ಸಾಕು" ಅಂದ. ಎಲ್ಲರೂ ನಕ್ಕರು. ಚನ್ನಬಸವಯ್ಯ ನಗಲಿಲ್ಲ.

ಷಡಕ್ಷರಿಗೆ ತುರುವೇಕೆರೆಯಲ್ಲಿ ಪಂಪ್‌ಸೆಟ್ಟು, ಬೋರ್‌ವೆಲ್ ಮೋಟಾರುಗಳ ಅಂಗಡಿ. ಸುತ್ತಮುತ್ತಲ ತೆಂಗಿನ ತೋಟದವರೆಲ್ಲ ಸುಟ್ಟುಹೋದ ಮೋಟಾರುಗಳನ್ನು ಅಲ್ಲಿಗೇ ತರುತ್ತಿದ್ದರು. ಅವನ್ನು ಬಿಚ್ಚಿ, ತಾಮ್ರದ ತಂತಿ ಸುತ್ತಿ, ಮತ್ತೆ ಜೀವ ಕೊಡುತ್ತಿದ್ದವನು ರೇವಣ್ಣ. ನಲವತ್ತು ದಾಟಿದ, ಆರಡಿ ಮೇಲೆ ಎರಡಂಗುಲ ಎತ್ತರದ ಆಳು. ಅಂಗಡಿಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಷಡಕ್ಷರಿ ಕುಳ್ಳ. ನನ್ನ ಸೀಟನ್ನು ತೀರ ಮುಂದಕ್ಕೆ ಎಳೆದು, ಕೆಳಗೊಂದು ದಿಂಬು ಹಾಕಿಕೊಂಡು ಕೂತರೇನೇ ಅವನಿಗೆ ರಸ್ತೆ ಕಾಣುತ್ತಿದ್ದದ್ದು. ಅದನ್ನು ಯಾರಾದರೂ ಕಂಡು ನಕ್ಕರೆ ಕೆಂಡವಾಗುತ್ತಿದ್ದ. ಬೈಗುಳವೆಲ್ಲ ಕೊನೆಗೆ ರೇವಣ್ಣನ ಪಾಲಿಗೆ.

ಸರ್ವಮಂಗಳ ಭಾನುವಾರಕ್ಕೊಮ್ಮೆ ನನ್ನನ್ನು ತೊಳೆಯುತ್ತಿದ್ದಳು. ಓಡಿಸುವುದನ್ನು ಕಲಿಯುತ್ತೇನೆ ಅಂತ ಎರಡು ಸಲ ಕೇಳಿದಳು. "ಮನೇಲಿ ಮಿಕ್ಸಿ ಇದೆಯಲ್ಲ, ಅದನ್ನ ಓಡಿಸು" ಅಂದ ಗಂಡ. ಮೂರನೇ ಸಲ ಕೇಳಲಿಲ್ಲ. ಹೀಗೆ ಆರು ವರ್ಷ ಕಳೆಯಿತು.

ಇನ್ನು ಆ ದಿನದ ಮಾತು. ಮಧ್ಯಾಹ್ನ ಮೂರು ಗಂಟೆ. ನಾನು ಅಂಗಳದ ಚಪ್ಪರದ ಕೆಳಗೆ ನಿಂತಿದ್ದೆ. ಬೆಳಿಗ್ಗೆಯಷ್ಟೇ ಟ್ಯಾಂಕು ತುಂಬಿಸಿದ್ದರು. ಸರ್ವಮಂಗಳ ಫೋನು ಹಿಡಿದುಕೊಂಡೇ ಹೊರಗೆ ಓಡಿ ಬಂದಳು.

"ರೀ, ಅಪ್ಪಂಗೆ ಎದೆ ನೋವು ಜೋರಾಗಿದೆಯಂತೆ. ಆಸ್ಪತ್ರೆಗೆ ಸೇರಿಸಿದ್ದಾರಂತೆ. ಅಮ್ಮ ಒಬ್ಬಳೇ ಇದ್ದಾಳೆ. ಹೊರಡಿ."

ಷಡಕ್ಷರಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. "ಐದು ಗಂಟೆಗೆ ಪಂಪಿನ ಕಂಪನಿಯವರು ಬರ್ತಾರೆ. ಅವರನ್ನ ಕಾರಲ್ಲಿ ತೋಟ ಸುತ್ತಿಸಬೇಕು. ನೀನು ಬಸ್ಸಿಗೆ ಹೋಗು."

"ಎರಡು ಬಸ್ಸು ಬದಲಾಯಿಸಬೇಕು. ತಿಪಟೂರಲ್ಲಿ ಎಷ್ಟು ಹೊತ್ತು ಕಾಯಬೇಕೋ ಏನೋ..."

"ನಿಮ್ಮಪ್ಪಂದು ಗ್ಯಾಸ್ಟ್ರಿಕ್ಕು ಕಣೇ. ಪ್ರತಿ ಸಲ ಇದೇ ಗಲಾಟೆ."

"ಹಂಗಾದ್ರೆ ಕೀ ಕೊಡಿ. ರೇವಣ್ಣನಿಗೆ ಲೈಸೆನ್ಸ್ ಇದೆ, ಅವನು ಬಿಟ್ಟು ಬರ್ತಾನೆ."

"ಕಂಡಕಂಡೋರ ಕೈಗೆಲ್ಲ ನನ್ನ ಕಾರು ಕೊಡಲ್ಲ."

'ನನ್ನ ಕಾರು' ಅಂದ. ಅವಳು ನನ್ನ ಬಾಗಿಲಿನ ಹಿಡಿಕೆಯ ಮೇಲೊಮ್ಮೆ ಕೈಯಿಟ್ಟಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ನಾನು ಒಂದೂಕಾಲು ಗಂಟೆಯಲ್ಲಿ ಅವಳನ್ನು ಅಪ್ಪನ ಮುಂದೆ ಇಳಿಸುತ್ತಿದ್ದೆ. ಅವಳು ತಲುಪಿದ್ದು ಆರೂ ಮುಕ್ಕಾಲಿಗೆ. ಚನ್ನಬಸವಯ್ಯ ಆರಕ್ಕೆ ಹೋಗಿದ್ದರು. ಕೊನೆಯವರೆಗೂ "ಮಗು ಬಂತಾ, ಕಾರಿದೆಯಲ್ಲ, ಬರ್ತಾಳೆ" ಅನ್ನುತ್ತಿದ್ದರಂತೆ.

ಪಂಪಿನ ಕಂಪನಿಯವರು ಆ ದಿನ ಬರಲೇ ಇಲ್ಲ. ನಾನು ಚಪ್ಪರದ ಕೆಳಗೇ ಇದ್ದೆ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಷಡಕ್ಷರಿ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದ. ಅವಳು ಹೊಸಿಲು ದಾಟಲಿಲ್ಲ. "ನಾನು ಬರಲ್ಲ. ಕಾರು ಬಿಟ್ಟು ಹೋಗಿ" ಅಂದಳು. ಅವನು ಕೀಯನ್ನು ಬೆರಳಲ್ಲಿ ಗಿರಗಿರ ತಿರುಗಿಸಿ ತೋರಿಸಿ, ನನ್ನನ್ನು ಓಡಿಸಿಕೊಂಡು ಹೊರಟುಬಿಟ್ಟ. ಹಿಂದಿನ ಗಾಜಿನಲ್ಲಿ ಅವಳು ಚಿಕ್ಕದಾಗುತ್ತ ಹೋದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮೂರು ವರ್ಷ ಕಳೆಯಿತು. ಅವಳು ಅರಸೀಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟು ಎಲ್ಲ ಅವಳ ಕೈಮೇಲೆ ಹೋಗುತ್ತಿದ್ದವು. ಕಾಗದದಲ್ಲಿ ಹೆಸರಿರುವವರು ಯಾರು, ಕೀ ಹಿಡಿದವರು ಯಾರು ಅನ್ನುವ ವ್ಯತ್ಯಾಸ ಅವಳಿಗೆ ಅಲ್ಲಿ ಚೆನ್ನಾಗಿ ಅರ್ಥವಾಗಿರಬೇಕು.

ಒಂದು ಸೋಮವಾರ ಬೆಳಿಗ್ಗೆ ಷಡಕ್ಷರಿ ನನ್ನನ್ನು ತಿಪಟೂರಿನ ಕಡೆ ಓಡಿಸುತ್ತಿದ್ದ. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಫೋನು. ಆ ಕಡೆ ರೇವಣ್ಣ. ಯಾವುದೋ ಮೋಟಾರು ಹೊತ್ತಿಗೆ ಕೊಟ್ಟಿಲ್ಲವೆಂದು ಇವನ ಬೈಗುಳ. ತಿರುವು ಬಂದದ್ದು ಅವನು ನೋಡಲಿಲ್ಲ. ಮೋರಿಯ ಕಟ್ಟೆಗೆ ಎದೆಯೊಡ್ಡಿ ಗುದ್ದಿದೆ. ಮೂತಿ ಮಡಚಿಕೊಂಡಿತು, ಎಂಜಿನ್ ಹಿಂದಕ್ಕೆ ತಳ್ಳಿಕೊಂಡು ಬಂತು, ನೆಲದ ತಗಡು ಅಲೆಯಂತೆ ಎದ್ದು ಸೀಟಿನ ಹಳಿಗಳನ್ನು ಕಚ್ಚಿ ಹಿಡಿಯಿತು. ಬೆಲ್ಟಿನ ಎಳೆತಕ್ಕೆ ಅವನ ಬಲಹೆಗಲಿನ ಮೂಳೆ ಲಟಕ್ಕೆಂದಿತು. ಕೆಳಗೆ ಬಿದ್ದ ಫೋನಿನಲ್ಲಿ ರೇವಣ್ಣ "ಅಣ್ಣಾ, ಅಣ್ಣಾ, ಏನಾಯ್ತಣ್ಣ" ಅಂತ ಕೂಗುತ್ತಲೇ ಇದ್ದ. ಮೋಟಾರ್ ಬೈಕಿನಲ್ಲಿ ಓಡಿ ಬಂದು ಅವನನ್ನು ಎಳೆದು ಹೊರಗೆ ಹಾಕಿದವನೂ ಅವನೇ.

ನನ್ನನ್ನು ತಿಪಟೂರಿನ ಮಕ್ಬೂಲ್ ಸಾಹೇಬರ ಗ್ಯಾರೇಜಿಗೆ ಎಳೆದು ತಂದರು. ಸಾಹೇಬರು ಸುತ್ತ ಒಂದು ಸಲ ಬಂದು ತಲೆ ಕೊಡವಿದರು. "ರಿಪೇರಿಗೆ ಗಾಡಿ ಬೆಲೆಗಿಂತ ಜಾಸ್ತಿ ಆಗ್ತದೆ. ಇನ್ಶೂರೆನ್ಸ್‌ನೋರು ಪೂರ್ತಿ ಹೋಯ್ತು ಅಂತ ಬರೆದು ದುಡ್ಡು ಕೊಡ್ತಾರೆ, ಬಿಡಿ."

"ಕೊಡ್ತಾರಲ್ಲ?" ಅಂದ ಷಡಕ್ಷರಿ, ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ತೋಳು ಇಳಿಬಿಟ್ಟುಕೊಂಡು.

"ಓನರ್ ಸಹಿ ಬೇಕು. ಓಡಿಸ್ತಿದ್ದೋರ ಲೈಸೆನ್ಸು ಬೇಕು."

ಷಡಕ್ಷರಿಯ ಮುಖ ನನ್ನ ಮೂತಿಯ ಹಾಗೇ ಆಯಿತು. ಅವನ ಲೈಸೆನ್ಸಿನ ಅವಧಿ ಮುಗಿದು ಎರಡು ವರ್ಷವಾಗಿತ್ತು. ಓನರ್ ಯಾರು ಅಂತ ಬಹಳ ದಿನದ ಮೇಲೆ ಅವನಿಗೆ ನೆನಪಾಯಿತು. ಲೈಸೆನ್ಸಿಗೆ ಅವನು ಆಗಲೇ ದಾರಿ ಹುಡುಕಿದ್ದ. ಪೊಲೀಸ್ ಠಾಣೆಯಲ್ಲಿ ಗಾಡಿ ಓಡಿಸುತ್ತಿದ್ದವನು ರೇವಣ್ಣ ಅಂತ ಬರೆಸಿದ್ದ. ಅನ್ನ ಕೊಡುವ ಯಜಮಾನ ಹೇಳಿದ್ದಕ್ಕೆ ರೇವಣ್ಣ ತಲೆ ತಗ್ಗಿಸಿ ಸಹಿ ಮಾಡಿದ್ದ.

ಓನರ್ ಸಹಿಗೆ ಅರಸೀಕೆರೆಗೆ ಹೋಗಲೇಬೇಕಾಯಿತು. ಕಾರಿಲ್ಲ. ಬಸ್ಸು, ಅದೂ ಎರಡು. ಮುರಿದ ಹೆಗಲಿನವನ ಚೀಲ ಹಿಡಿಯಲು ರೇವಣ್ಣನೂ ಜೊತೆಗೆ. ಅಲ್ಲಿ ನಡೆದದ್ದನ್ನೆಲ್ಲ ರೇವಣ್ಣ ವಾಪಸು ಬಂದಾಗ ನನ್ನ ಪಕ್ಕದಲ್ಲೇ ಕೂತು ಸಾಹೇಬರಿಗೆ ಹೇಳುತ್ತಿದ್ದ. ನಾನು ಒಂದು ಅಕ್ಷರ ಬಿಡದೆ ಕೇಳಿಸಿಕೊಂಡೆ.

ಮೊದಲ ಸಲ ಹೋದಾಗ ಟೈಪ್ ಮಾಡುತ್ತಿದ್ದ ಸರ್ವಮಂಗಳ ತಲೆ ಎತ್ತಲಿಲ್ಲವಂತೆ. ಒಂದು ಗಂಟೆ ಬಾಗಿಲಲ್ಲಿ ನಿಲ್ಲಿಸಿ, "ಇವತ್ತು ಕೆಲಸ ಜಾಸ್ತಿ ಇದೆ. ಗುರುವಾರ ಬನ್ನಿ" ಅಂದಳಂತೆ. ಗುರುವಾರ ಹೋದರೆ ಅರ್ಜಿಯನ್ನು ಮೇಲಿಂದ ಕೆಳಗಿನವರೆಗೂ ಓದಿ, "ಇದರ ಜೊತೆ ಪಾಲಿಸಿ ಜೆರಾಕ್ಸ್ ಇಲ್ಲವಲ್ಲ. ತಗೊಂಡು ಬನ್ನಿ" ಅಂದಳಂತೆ. ಮೂರನೇ ಸಲ ಠಾಣೆಯ ಕಾಗದ ಬೇಕಾಯಿತು. ನಾಲ್ಕನೇ ಸಲ ಅವಳ ಕುರ್ಚಿ ಖಾಲಿ. ಅವಳು ತಾಯಿಯ ಜೊತೆ ಮದುವೆಗೆ ಹೋಗಿದ್ದಳು. ಪ್ರತಿ ಸಲವೂ ತುರುವೇಕೆರೆಯಿಂದ ತಿಪಟೂರು, ತಿಪಟೂರಿಂದ ಅರಸೀಕೆರೆ, ಕುಲುಕುವ ಬಸ್ಸಿನಲ್ಲಿ ಹೆಗಲು ಹಿಡಿದುಕೊಂಡು. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ ಎರಡು ಗಂಟೆ ನಿಲ್ಲಬೇಕಾಯಿತಂತೆ. ಅದನ್ನು ಕೇಳಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಐದನೇ ಸಲ ಷಡಕ್ಷರಿಯ ತಾಳ್ಮೆ ಹರಿಯಿತು. "ಮಂಗಳಾ, ಆಟ ಆಡಬೇಡ. ಒಂದು ಸಹಿ ಅಷ್ಟೇ. ದುಡ್ಡು ನಿನ್ನ ಖಾತೆಗೇ ಬರೋದು. ನನಗೆ ಅರ್ಧ ಕೊಡು, ಅರ್ಧ ನೀನೇ ಇಟ್ಕೊ."

ಅವಳು ಅರ್ಜಿಯಲ್ಲಿ ಒಂದು ಕಡೆ ಬೆರಳಿಟ್ಟಳು. "ಓಡಿಸ್ತಿದ್ದೋರು ರೇವಣ್ಣ ಅಂತ ಬರೆದಿದ್ದೀರಲ್ಲ."

"ಹೂಂ. ಅವನಿಗೆ ಲೈಸೆನ್ಸ್ ಇದೆ."

"ಅವತ್ತೂ ಇತ್ತು. ಅವತ್ತು ಅವನ ಕೈಗೆ ಕೀ ಕೊಡದೋರು, ಇವತ್ತು ಹೆಂಗೆ ಕೊಟ್ರಿ?"

ಅಂಗಡಿಯಲ್ಲಿ ಕಾಗದಕ್ಕೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರಂತೆ. ಅವಳು ಅರ್ಜಿಯನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡು, "ಸಹಿ ಹಾಕ್ತೀನಿ. ಇನ್ಶೂರೆನ್ಸ್ ಸರ್ವೇಯರ್ ಬಂದ ದಿನ, ಗಾಡಿ ಮುಂದೆ, ಅವರ ಕಣ್ಣೆದುರಿಗೇ ಹಾಕ್ತೀನಿ. ದಿನ ಗೊತ್ತು ಮಾಡಿ" ಅಂದಳಂತೆ.

ಷಡಕ್ಷರಿ ಗೆದ್ದೆ ಅಂದುಕೊಂಡು ವಾಪಸು ಬಂದ. ಬಸ್ಸಿನಲ್ಲಿ ರೇವಣ್ಣನಿಗೆ ಕಡಲೆಕಾಯಿ ಕೊಡಿಸಿದನಂತೆ.

ಸರ್ವೇಯರ್ ಬರುವ ದಿನ ಅವಳು ಎಲ್ಲರಿಗಿಂತ ಒಂದು ಗಂಟೆ ಮೊದಲೇ ಗ್ಯಾರೇಜಿಗೆ ಬಂದಳು. ಮೂರು ವರ್ಷದ ಮೇಲೆ ನಾನು ಅವಳನ್ನು ನೋಡಿದ್ದು. ಕೆನ್ನೆ ಇಳಿದಿತ್ತು, ನಡಿಗೆ ಗಟ್ಟಿಯಾಗಿತ್ತು. ನನ್ನ ಮೂತಿಯ ಮುಂದೆ ನಿಂತು, "ಅಪ್ಪ ನೋಡಿದ್ರೆ ಅಳ್ತಿದ್ರು" ಅಂದಳು. ಆಮೇಲೆ ಡ್ರೈವರ್ ಬಾಗಿಲನ್ನು ಕಷ್ಟಪಟ್ಟು ತೆಗೆದು ಒಳಗೆ ಬಗ್ಗಿದಳು. ಮುಂದಕ್ಕೆ ಎಳೆದ ಸೀಟು, ಅದರ ಮೇಲೆ ಹರಿದ ದಿಂಬು. ಕೆಳಗಿನ ಕಂಬಿ ಎತ್ತಿ ಸೀಟನ್ನು ಹಿಂದಕ್ಕೆ ತಳ್ಳಿದಳು. ಅಲುಗಲಿಲ್ಲ. ಎರಡೂ ಕೈಯಲ್ಲಿ ತಳ್ಳಿದಳು. ಅಲುಗಲಿಲ್ಲ. ತಗಡು ಕಚ್ಚಿದ್ದ ಹಳಿಯ ಮೇಲೆ ಬೆರಳಾಡಿಸಿ ನೋಡಿದಳು. ಎದ್ದು ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ಬೆಂಚಿನ ಮೇಲೆ ಕೂತಳು. ಆ ಮುಖವನ್ನು ನಾನು ಹಿಂದೊಮ್ಮೆ ನೋಡಿದ್ದೆ, ಹಿಂದಿನ ಗಾಜಿನಲ್ಲಿ.

ಸರ್ವೇಯರ್ ಸುಧೀಂದ್ರ ಕನ್ನಡಕದ, ನಿಧಾನ ಮಾತಿನ ಮನುಷ್ಯ. ನನ್ನ ಫೋಟೋ ತೆಗೆದುಕೊಂಡರು, ಹೊಟ್ಟೆಯ ನಂಬರು ಬರೆದುಕೊಂಡರು. ಷಡಕ್ಷರಿ ಅವರ ಹಿಂದೆ ಮುಂದೆ ಓಡಾಡುತ್ತಿದ್ದ. ರೇವಣ್ಣ ಒಂದು ಮೂಲೆಯಲ್ಲಿ ನಿಂತಿದ್ದ.

"ಎಲ್ಲ ಸರಿ ಇದೆ ಅಮ್ಮ. ನೀವೊಂದು ಸಹಿ ಹಾಕಿದ್ರೆ ನನ್ನ ಕೆಲಸ ಮುಗೀತು" ಅಂದರು ಸುಧೀಂದ್ರ.

ಅವಳು ಪೆನ್ನು ತೆಗೆದುಕೊಂಡಳು. "ಸಾರ್, ಗುದ್ದಿದಾಗ ನಾನು ಇರಲಿಲ್ಲ. ಇರದೆ ಹೆಂಗೆ ಸಹಿ ಹಾಕಲಿ? ಒಂದು ಉಪಕಾರ ಮಾಡಿ. ರೇವಣ್ಣನ್ನ ಒಂದು ಸಲ ಆ ಸೀಟಲ್ಲಿ ಕೂರಿಸಿ ನೋಡಿ. ಆಮೇಲೆ ಹಾಕ್ತೀನಿ."

"ಏನು ತಮಾಷೆ ಇದು" ಅಂದ ಷಡಕ್ಷರಿ.

ಸುಧೀಂದ್ರ ಅವನ ಮುಖ ನೋಡಿದರು, ರೇವಣ್ಣನ ಎತ್ತರ ನೋಡಿದರು. "ಕೂತ್ಕೊಳ್ಳಪ್ಪ" ಅಂದರು.

ರೇವಣ್ಣ ಬಂದ. ಮೊದಲು ಒಂದು ಕಾಲು ಇಟ್ಟ. ಮಂಡಿ ಸ್ಟೀರಿಂಗಿಗೆ ತಗುಲಿತು. ತಲೆ ಬಗ್ಗಿಸಿ ಸೊಂಟ ತೂರಿಸಲು ನೋಡಿದ. ಇನ್ನೊಂದು ಕಾಲು ಒಳಗೇ ಬರಲಿಲ್ಲ. ಒಂದು ಕಾಲು ಹೊರಗೆ ಒಂದು ಕಾಲು ಒಳಗೆ, ಗೂಡಿನಲ್ಲಿ ಸಿಕ್ಕಿಕೊಂಡ ಕೊಕ್ಕರೆಯ ಹಾಗೆ ನಿಂತುಬಿಟ್ಟ. ಗ್ಯಾರೇಜಿನ ಕೆಲಸದವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನೋಡತೊಡಗಿದರು.

"ಸೀಟು ಹಿಂದಕ್ಕೆ ತಳ್ಳೋ, ಬೇಕೂಫ!" ಷಡಕ್ಷರಿ ಕಿರುಚಿದ. ತಾನೇ ಬಂದು ಒಂಟಿ ಕೈಯಲ್ಲಿ ಕಂಬಿ ಎಳೆದ, ಒದ್ದ. ನಾನು ಕೊಡಲಿಲ್ಲ. ಮೋರಿಗೆ ಗುದ್ದಿದ ಕ್ಷಣದಲ್ಲಿ ನೆಲದ ತಗಡು ಕಚ್ಚಿದ್ದ ಹಳಿ ಅದು. ಅವನು ಬೇಡಿಕೊಂಡಿದ್ದರೂ ಬಿಡುತ್ತಿರಲಿಲ್ಲ.

ಮಕ್ಬೂಲ್ ಸಾಹೇಬರು ಬಗ್ಗಿ ನೋಡಿ ಹೇಳಿದರು. "ಗುದ್ದಿದಾಗಲೇ ಜಾಮ್ ಆಗಿದೆ ಸಾರ್. ಗ್ಯಾಸ್ ಹಾಕಿ ಕತ್ತರಿಸಿದ್ರೇನೇ ಬರೋದು. ಗುದ್ದುವಾಗ ಸೀಟು ಎಲ್ಲಿತ್ತೋ ಅಲ್ಲೇ ಇದೆ."

ಸುಧೀಂದ್ರ ಕನ್ನಡಕ ತೆಗೆದು ಒರೆಸಿದರು. ರೇವಣ್ಣನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ನೀನು ಓಡಿಸ್ತಿದ್ದೆಯೇನಪ್ಪ?"

ರೇವಣ್ಣ ಯಜಮಾನನ ಮುಖ ನೋಡಿದ, ಅವಳ ಮುಖ ನೋಡಿದ. ಕಾಲನ್ನು ಬಿಡಿಸಿಕೊಂಡು ಹೊರಗೆ ಬಂದು ನೆಟ್ಟಗೆ ನಿಂತ. "ಇಲ್ಲ ಸಾರ್. ನಾನು ಅಂಗಡೀಲಿದ್ದೆ. ಫೋನಲ್ಲಿದ್ದೆ."

ಸುಧೀಂದ್ರ ಷಡಕ್ಷರಿಯ ಲೈಸೆನ್ಸ್ ಕೇಳಿ ತೆಗೆದುಕೊಂಡು ದಿನಾಂಕ ನೋಡಿದರು, ಸರ್ವಮಂಗಳನ ಮುಂದೆ ಬಂದು ನಿಂತರು. "ಓಡಿಸ್ತಿದ್ದೋರು ಇವರು, ಲೈಸೆನ್ಸ್ ಮುಗಿದಿದೆ ಅಂದ್ರೆ ಕ್ಲೇಮ್ ಬರಲ್ಲಮ್ಮ. ನಿಮಗೂ ಒಂದು ಪೈಸೆ ಬರಲ್ಲ. ತಿಳ್ಕೊಂಡು ಬರೀರಿ."

ಅವಳು ಅರ್ಜಿಯಲ್ಲಿ ರೇವಣ್ಣನ ಹೆಸರಿಗೆ ಗೆರೆ ಹೊಡೆದು, ಪಕ್ಕದಲ್ಲಿ ಷಡಕ್ಷರಿಯ ಹೆಸರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು.

"ನಿನಗೇನು ಬಂತೇ ಇದರಿಂದ?" ಅಂದ ಷಡಕ್ಷರಿ. "ನಿನಗೂ ಏನೂ ಬರಲ್ಲ, ಗೊತ್ತಾ?"

"ಗೊತ್ತು."

"ಮತ್ಯಾಕೆ?"

"ನಿಮಗೆ ಬರಲ್ಲವಲ್ಲ. ಅದಕ್ಕೆ."

ಠಾಣೆಯಲ್ಲಿ ಸುಳ್ಳು ಬರೆಸಿದ್ದಕ್ಕೆ ಅವನು ದಿನಗಟ್ಟಲೆ ಓಡಾಡಬೇಕಾಯಿತು. ಲೈಸೆನ್ಸಿಲ್ಲದೆ ಓಡಿಸಿದ್ದಕ್ಕೆ ದಂಡ ಬಿತ್ತು. ಕುಳ್ಳನ ಸೀಟಿನ ಕಥೆ ತುರುವೇಕೆರೆಯ ಹೋಟೆಲುಗಳಲ್ಲೆಲ್ಲ ಕಾಫಿಯ ಜೊತೆ ಖರ್ಚಾಯಿತು. ಅರಸೀಕೆರೆಯಲ್ಲಿ ಸರ್ವಮಂಗಳನ ತಾಯಿ ಮಾತ್ರ ಮೂರು ದಿನ ಮಗಳ ಜೊತೆ ಮಾತು ಬಿಟ್ಟಿದ್ದರಂತೆ. "ಮೂಗು ಕೊಯ್ದುಕೊಂಡು ಎದುರುಮನೆಯವನಿಗೆ ಅಪಶಕುನ ಮಾಡಿದ ಹಾಗಾಯ್ತು" ಅಂದರಂತೆ.

ಆದರೆ ಅವಳು ಸಹಿ ಹಾಕಿದ ಸಂಜೆಯೇ ಷಡಕ್ಷರಿ ರೇವಣ್ಣನನ್ನು ಕೆಲಸದಿಂದ ತೆಗೆದುಹಾಕಿದ್ದ. ಇದು ಅವಳ ಲೆಕ್ಕದಲ್ಲಿ ಇರಲಿಲ್ಲ. ವಾರದ ಮೇಲೆ ಅವಳು ಗ್ಯಾರೇಜಿಗೆ ಬಂದಾಗ ರೇವಣ್ಣ ಅಲ್ಲೇ ಕೂತಿದ್ದ, ಕೆಲಸ ಕೇಳಿಕೊಂಡು ಬಂದವನು.

"ಅಕ್ಕಾವ್ರೆ, ಮಂಡಿ ಉದ್ದ ಆಗಿದ್ದಕ್ಕೆ ಕೆಲಸ ಹೋಯ್ತು" ಅಂತ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಸರ್ವಮಂಗಳ ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವಳು ಬಂದಿದ್ದು ನನ್ನನ್ನು ಏನು ಮಾಡುವುದು ಅಂತ ತೀರ್ಮಾನ ಮಾಡಲು. "ರಿಪೇರಿ ಮಾಡಿಸೋದು ದಂಡ" ಅಂದರು ಸಾಹೇಬರು. "ಇದ್ದ ಹಾಗೇ ತಗೊಳ್ಳೋಕೆ ಒಬ್ಬ ಗಿರಾಕಿ ಬಂದಿದ್ದಾನೆ. ಒಳ್ಳೇ ರೇಟು ಹೇಳ್ತಾನೆ."

"ಯಾರು ಕಳಿಸಿದ್ದು?"

ಸಾಹೇಬರು ಸುಳ್ಳು ಹೇಳುವವರಲ್ಲ. "ತುರುವೇಕೆರೆಯಿಂದ ಬಂದಿದ್ದು. ನಿಮ್ಮ ಯಜಮಾನರೇ ಕಳಿಸಿರಬೇಕು. ಅಲ್ಲಿ ಇಲ್ಲಿ ತಟ್ಟಿಸಿ ಓಡಿಸೋ ಯೋಚನೆ ಇರಬೇಕು."

"ಹಂಗಾದ್ರೆ ಬಿಚ್ಚಿ ಸಾಹೇಬ್ರೆ. ಬಿಡಿ ಬಿಡಿಯಾಗಿ ಮಾರಿ. ಒಂದು ನಟ್ಟೂ ಅವರ ಕೈಗೆ ಸಿಗಬಾರದು."

ಬಿಚ್ಚಿದರು. ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೇರ್‌ಬಾಕ್ಸು ಕಡೂರಿಗೆ ಹೋಯಿತು. ಚಕ್ರಗಳು ಒಬ್ಬ ಟೊಮ್ಯಾಟೊ ವ್ಯಾಪಾರಿಗೆ. ಹಿಂದಿನ ಬಾಗಿಲುಗಳು ನನ್ನದೇ ಬಣ್ಣದ ಇನ್ನೊಂದು ಕಾರಿಗೆ. ಎಂಜಿನ್ನನ್ನು ಸರಪಳಿಯಲ್ಲಿ ಎತ್ತಿ ಹೊರಗೆ ತೆಗೆದ ದಿನ ನನ್ನೊಳಗೆ ಗಾಳಿ ಆಡಿದ ಸದ್ದು ನನಗೇ ಕೇಳಿಸಿತು. ಬಂದ ದುಡ್ಡನ್ನೆಲ್ಲ ಅವಳು ರೇವಣ್ಣನ ಕೈಗಿಟ್ಟಳು.

"ವೈಂಡಿಂಗ್ ಮಿಷನ್ ತಗೊ. ಅಂಗಡಿ ಹಾಕು."

ರೇವಣ್ಣನ ಕಣ್ಣು ತುಂಬಿತು. "ಬಸ್ ಸ್ಟ್ಯಾಂಡ್ ಹತ್ರ ಒಂದು ಮಳಿಗೆ ಖಾಲಿ ಇದೆ ಅಕ್ಕಾವ್ರೆ. ಚೆನ್ನಾಗಿದೆ, ನೆರಳಿದೆ."

"ಅವರ ಅಂಗಡಿ ಎದುರಿಗೆ ಖಾಲಿ ಇಲ್ವಾ?"

"ಇದೆ... ಆದ್ರೆ ಎದುರಿಗೇನಾ? ಬಿಸಿಲು ಜಾಸ್ತಿ ಅಲ್ಲಿ."

"ಎದುರಿಗೇ."

ಮೋಟಾರು ಹೊತ್ತು ತರುವ ರೈತರಿಗೆ ಬೋರ್ಡು ಬೇಕಿಲ್ಲ, ಕೈ ಬೇಕು. ಮೂರು ತಿಂಗಳಲ್ಲಿ ಗಾಡಿಗಳೆಲ್ಲ ರಸ್ತೆಯ ಆ ಬದಿ ಬಿಟ್ಟು ಈ ಬದಿ ನಿಲ್ಲತೊಡಗಿದವು. ಷಡಕ್ಷರಿ ಗಲ್ಲಾದ ಹಿಂದೆ ಕೂತು ದಿನವಿಡೀ ಎದುರಂಗಡಿಯ ಗಿರಾಕಿಗಳನ್ನು ನೋಡುತ್ತಾನಂತೆ. ರೇವಣ್ಣ ಬಾಗಿಲನ್ನು ತನ್ನ ಎತ್ತರಕ್ಕೆ ಸರಿಯಾಗಿ ಇಡಿಸಿಕೊಂಡಿದ್ದಾನೆ.

ಕೊನೆಯ ಸಲ ಅವಳು ಬಂದದ್ದು ನನ್ನ ಹೆಸರು ಅಳಿಸಲು. ಗಾಡಿ ಇಲ್ಲ ಅಂತ ಹಾಸನದ ಆರ್‌ಟಿಓ ಕಚೇರಿಯ ಪುಸ್ತಕದಿಂದ ತೆಗೆಸಬೇಕಾದರೆ ಹೊಟ್ಟೆಯಲ್ಲಿ ಕೆತ್ತಿದ ನಂಬರಿನ ತಗಡನ್ನು ಕತ್ತರಿಸಿ ಒಪ್ಪಿಸಬೇಕು. ಸಾಹೇಬರು ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಕೊಟ್ಟರು. ಟೀ ತರಿಸಿದರು.

"ಈಗ ನೆಮ್ಮದಿ ಆಯ್ತೇನಮ್ಮ?"

ಅವಳು ಲೋಟ ಹಿಡಿದುಕೊಂಡು ನನ್ನ ಕಡೆ ನೋಡಿದಳು. "ಅಪ್ಪ ಇದ್ದಿದ್ರೆ ಬೈತಿದ್ರು ಸಾಹೇಬ್ರೆ. ಇಷ್ಟು ಹಟ ಯಾಕೆ ಮಗು ಅಂತಿದ್ರು." ಟೀ ಮುಗಿಸಿ ಲೋಟ ಕೆಳಗಿಟ್ಟಳು. "ಆದ್ರೆ ಇನ್ನೊಂದು ಸಲ ಅವಕಾಶ ಸಿಕ್ಕಿದ್ರೂ ಇದನ್ನೇ ಮಾಡ್ತೀನಿ." ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸಿಗೆ ಹೊರಟಳು. ತಿರುಗಿ ನೋಡಲಿಲ್ಲ. ನೋಡಲು ಅಲ್ಲಿ ಉಳಿದದ್ದಾದರೂ ಏನು?

ಈಗ ನಾನು ಗ್ಯಾರೇಜಿನ ಹಿಂಬದಿಯ ಬೇಲಿಯ ಪಕ್ಕ ಇದ್ದೇನೆ. ಎಂಜಿನ್ ಇಲ್ಲ, ಚಕ್ರ ಇಲ್ಲ, ಹೆಸರಿದ್ದ ಜಾಗದಲ್ಲಿ ಒಂದು ಚೌಕ ತೂತು. ಅದರೊಳಗಿಂದ ಉತ್ತರಾಣಿ ಗಿಡವೊಂದು ತಲೆ ಹಾಕಿದೆ. ಸೇಡು ತೀರಿಸಿಕೊಂಡವರ ಹೊಟ್ಟೆ ತಣ್ಣಗಾಗುತ್ತದೆ ಎನ್ನುತ್ತಾರೆ. ಸತ್ತವರು ಎದ್ದು ಬರಲಿಲ್ಲ. ಆ ಮಧ್ಯಾಹ್ನ ನಾನು ಅಲುಗಲಿಲ್ಲ ಎನ್ನುವುದೂ ಅಳಿಸಿಹೋಗಲಿಲ್ಲ. ಹಾಗಾಗಿ ನನ್ನ ಹೊಟ್ಟೆ ತಣ್ಣಗಾಗಿದೆ ಎಂದು ಹೇಳಲಾರೆ.

ಬೇಲಿಯ ಆಚೆ ತುರುವೇಕೆರೆ ರಸ್ತೆ. ಬುಧವಾರ ಬುಧವಾರ ಷಡಕ್ಷರಿ ಹಳೆಯ ಸ್ಕೂಟರಿನಲ್ಲಿ ಸಾಮಾನು ತರಲು ಇದೇ ದಾರಿಯಲ್ಲಿ ಹೋಗುತ್ತಾನೆ. ಬೇಲಿ ಹತ್ತಿರ ಬರುತ್ತಿದ್ದಂತೆ ಕುತ್ತಿಗೆ ಬಿಗಿಯುತ್ತಾನೆ, ಹಲ್ಲು ಕಚ್ಚುತ್ತಾನೆ, ಕಣ್ಣನ್ನು ರಸ್ತೆಗೆ ನೆಟ್ಟುಬಿಡುತ್ತಾನೆ. ನನ್ನನ್ನು ನೋಡದೆ ಇರಲು ಅವನು ಪಡುವ ಕಷ್ಟ ನನಗೆ ಚೆನ್ನಾಗಿ ಕಾಣುತ್ತದೆ.

ನಾನು ಬುಧವಾರಕ್ಕೆ ಕಾಯುತ್ತಿರುತ್ತೇನೆ.